ಮೀನು, ಪಾದರಸ ಮತ್ತು ಹೃದಯ: ಲಾಭ ಎಷ್ಟು, ಅಪಾಯ ಎಷ್ಟು?

ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಕಾಣಿಸಿಕೊಂಡರೆ ಮೊದಲು ಬದಲಾಗುವುದು ಊಟದ ತಟ್ಟೆ. ಅದು ಬಿಡಿ, ಇದು ಕಡಿಮೆ ಮಾಡಿ ಎನ್ನುವ ಮಾತುಗಳ ನಡುವೆ ಮೀನಿನ ವಿಷಯದಲ್ಲಿ ಮಾತ್ರ 'ತಿನ್ನಿ' ಎಂಬ ಸಲಹೆ ಸಿಗುತ್ತದೆ. ಅದನ್ನು ಕೇಳಿ ಸಮಾಧಾನ ಪಡುವಷ್ಟರಲ್ಲಿ ಫೋನಿಗೆ ಇನ್ನೊಂದು ಸಂದೇಶ ಬಂದಿರುತ್ತದೆ. ಮೀನಿನಲ್ಲಿ ಪಾದರಸ ಇದೆ, ಅದು ವಿಷ, ಮುಟ್ಟಬೇಡಿ ಅಂತ.

ಎರಡೂ ಮಾತಿನಲ್ಲಿ ಸತ್ಯ ಇದೆ. ಗೊಂದಲ ಆಗುವುದೂ ಅದಕ್ಕೇ. ಮೀನು ಎನ್ನುವ ಒಂದೇ ಹೆಸರಿನಲ್ಲಿ ಗೇಣುದ್ದದ ಬೂತಾಯಿಯೂ ಬರುತ್ತದೆ, ಆಳಿಗಿಂತ ಉದ್ದದ ಶಾರ್ಕ್ ಕೂಡ ಬರುತ್ತದೆ. ಹೃದಯದ ಲೆಕ್ಕಕ್ಕೆ ಇವೆರಡೂ ಒಂದೇ ಆಹಾರ ಅಲ್ಲವೇ ಅಲ್ಲ. ಹಾಗಾಗಿ 'ಮೀನು ಒಳ್ಳೆಯದಾ?' ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಮೀನು, ಎಷ್ಟು, ಹೇಗೆ ಬೇಯಿಸಿದ್ದು, ಯಾರು ತಿನ್ನುವುದು ಎಂದು ಬಿಡಿಸಿ ಕೇಳಬೇಕು.

ಮೀನಿನ ಕೊಬ್ಬು ಯಾಕೆ ಬೇರೆ?

ಬೆಣ್ಣೆ ತಂಪಾದ ಜಾಗದಲ್ಲಿ ಗಟ್ಟಿಯಾಗುತ್ತದೆ. ಸೂರ್ಯಕಾಂತಿಯಂಥ ಅಡುಗೆ ಎಣ್ಣೆ ಗಟ್ಟಿಯಾಗುವುದಿಲ್ಲ. ಎರಡೂ ಕೊಬ್ಬೇ, ಆದರೂ ಈ ವ್ಯತ್ಯಾಸ. ಕೊಬ್ಬು ಉದ್ದನೆಯ ಸರಪಳಿಗಳಿಂದ ಆಗಿರುತ್ತದೆ. ಸರಪಳಿ ನೇರವಾಗಿದ್ದರೆ ಅವು ಸೌದೆ ಒಟ್ಟಿದ ಹಾಗೆ ಒತ್ತೊತ್ತಾಗಿ ಕೂರುತ್ತವೆ, ಕೊಬ್ಬು ಗಟ್ಟಿಯಾಗುತ್ತದೆ. ಇದನ್ನು ಸ್ಯಾಚುರೇಟೆಡ್ ಕೊಬ್ಬು ಎನ್ನುತ್ತಾರೆ. ಸರಪಳಿ ಅಲ್ಲಲ್ಲಿ ಬಾಗಿದ್ದರೆ ಹಾಗೆ ಒಟ್ಟಲು ಬರುವುದಿಲ್ಲ. ಸೊಟ್ಟ ಕೊಂಬೆಗಳ ರಾಶಿಯಂತೆ ನಡುವೆ ಸಂದು ಉಳಿಯುತ್ತದೆ, ಕೊಬ್ಬು ದ್ರವವಾಗಿಯೇ ಇರುತ್ತದೆ.

ಮೀನಿನಲ್ಲಿ ಹೆಚ್ಚಾಗಿ ಹೆಸರು ಕೇಳುವ ಎರಡು ಕೊಬ್ಬುಗಳು ಇಪಿಎ ಮತ್ತು ಡಿಎಚ್‌ಎ. ಮೊದಲನೆಯದರ ಸರಪಳಿಯಲ್ಲಿ ಐದು ಬಾಗು, ಎರಡನೆಯದರಲ್ಲಿ ಆರು. ಸರಪಳಿಯ ಬಾಲದ ತುದಿಯಿಂದ ಎಣಿಸಿದರೆ ಮೊದಲ ಬಾಗು ಮೂರನೆಯ ಕೊಂಡಿಯಲ್ಲಿ ಬರುತ್ತದೆ. ಒಮೆಗಾ-3 ಎಂಬ ಹೆಸರು ಬಂದದ್ದು ಅಲ್ಲಿಂದ. ಇಷ್ಟೊಂದು ಬಾಗು ಇರುವ ಕೊಬ್ಬು ಕೊರೆಯುವ ಚಳಿಯಲ್ಲೂ ಹೆಪ್ಪುಗಟ್ಟುವುದಿಲ್ಲ. ತಣ್ಣೀರಿನಲ್ಲಿ ಬದುಕುವ ಮೀನಿಗೆ ಅದು ಬೇಕೇ ಬೇಕು. ಇಲ್ಲದಿದ್ದರೆ ಅದರ ಜೀವಕೋಶಗಳ ಹೊರಪೊರೆ ಬಿರುಸಾಗಿಬಿಡುತ್ತದೆ.

ಆದರೆ ಮೀನು ಈ ಕೊಬ್ಬಿನ ಬಹುಪಾಲನ್ನು ತಾನೇ ತಯಾರಿಸುವುದಿಲ್ಲ. ತಯಾರಿಸುವುದು ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಪಾಚಿಯನ್ನು ಸಣ್ಣ ಹುಳುಗಳು ತಿನ್ನುತ್ತವೆ. ಹುಳುಗಳನ್ನು ಚಿಕ್ಕ ಮೀನು, ಚಿಕ್ಕ ಮೀನನ್ನು ದೊಡ್ಡ ಮೀನು. ಏಣಿಯ ಮೆಟ್ಟಿಲಿನಂತೆ ಒಮೆಗಾ-3 ಮೇಲೇರುತ್ತದೆ. ಈ ಏಣಿಯನ್ನು ನೆನಪಿಟ್ಟುಕೊಳ್ಳಿ. ಪಾದರಸವೂ ಇದೇ ಏಣಿ ಹತ್ತಿ ಬರುತ್ತದೆ.

ಎಲ್ಲಾ ಮೀನಿನಲ್ಲೂ ಒಮೆಗಾ-3 ಒಂದೇ ಸಮ ಇರುವುದಿಲ್ಲ. ಸಾಲ್ಮನ್, ಬೂತಾಯಿ, ಬಂಗುಡೆ, ಹೆರಿಂಗ್ ಇವೆಲ್ಲ ಮಾಂಸದಲ್ಲೇ ಕೊಬ್ಬು ಇಟ್ಟುಕೊಳ್ಳುವ ಮೀನುಗಳು. ಸಾಕಿದ ಸಾಲ್ಮನ್‌ನ 100 ಗ್ರಾಂ ಮಾಂಸದಲ್ಲಿ ಸುಮಾರು 2 ಗ್ರಾಂ, ಬೂತಾಯಿ ಜಾತಿಯ ಮೀನಿನಲ್ಲಿ ಸುಮಾರು 1 ಗ್ರಾಂ ಇಪಿಎ ಮತ್ತು ಡಿಎಚ್‌ಎ ಸಿಗುತ್ತದೆ. ಕಾಡ್, ತಿಲಾಪಿಯಾದಂಥ ಬಿಳಿ ಮಾಂಸದ ಮೀನಿನಲ್ಲಿ ಸುಮಾರು 0.2 ಗ್ರಾಂ, ಕೆಲವು ಸಲ ಅದಕ್ಕಿಂತಲೂ ಕಡಿಮೆ. ಕಾಡ್ ಮೀನು ಕೊಬ್ಬನ್ನು ಯಕೃತ್ತಿನಲ್ಲಿ ಇಟ್ಟುಕೊಳ್ಳುತ್ತದೆ. ಕಾಡ್ ಲಿವರ್ ಎಣ್ಣೆ ಬರುವುದು ಅಲ್ಲಿಂದಲೇ. ಬಿಳಿ ಮೀನು ಕೆಟ್ಟದ್ದು ಎಂದಲ್ಲ, ಒಳ್ಳೆಯ ಪ್ರೋಟೀನ್ ಇದೆ. ಒಮೆಗಾ-3 ಬೇಕೆಂದು ಮಾತ್ರ ತಿನ್ನುತ್ತಿದ್ದರೆ ಅದರಿಂದ ಸಿಗುವುದು ಸ್ವಲ್ಪವೇ.

ಹೃದಯದೊಳಗೆ ಏನು ಮಾಡುತ್ತದೆ?

ದೋಣಿಯಲ್ಲಿ ಕೂತವರೆಲ್ಲ ಒಂದೇ ಹೊತ್ತಿಗೆ ಹುಟ್ಟು ಹಾಕಿದರೆ ದೋಣಿ ಮುಂದಕ್ಕೆ ಹೋಗುತ್ತದೆ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಹಾಕಿದರೆ ಇದ್ದಲ್ಲೇ ಓಲಾಡುತ್ತದೆ. ಹೃದಯವೂ ಹಾಗೇ. ಅದರ ಕೋಟಿಗಟ್ಟಲೆ ಕೋಶಗಳು ವಿದ್ಯುತ್ ಸೂಚನೆ ಹಿಡಿದು ಸರದಿಯಲ್ಲಿ ಕುಗ್ಗಬೇಕು. ಆ ಸರದಿ ಪೂರ್ತಿ ತಪ್ಪಿದರೆ ಹೃದಯ ನಡುಗುತ್ತದೆ ಅಷ್ಟೇ, ರಕ್ತ ತಳ್ಳುವುದಿಲ್ಲ. ನಿಂತಲ್ಲೇ ಕುಸಿದು ಸಾಯುವ ಎಷ್ಟೋ ಪ್ರಕರಣಗಳಲ್ಲಿ ಆಗುವುದು ಇದೇ.

ನಾವು ತಿಂದ ಒಮೆಗಾ-3 ಹೃದಯದ ಕೋಶಗಳ ಹೊರಪೊರೆಗೆ ಹೋಗಿ ಸೇರಿಕೊಳ್ಳುತ್ತದೆ. ಸೋಡಿಯಂ, ಕ್ಯಾಲ್ಸಿಯಂನಂಥ ಲವಣಗಳು ಒಳಗೆ ಹೊರಗೆ ಓಡಾಡುವ ಬಾಗಿಲುಗಳು ಇರುವುದು ಆ ಪೊರೆಯಲ್ಲೇ. ಒಮೆಗಾ-3 ಇದ್ದಾಗ ಆ ಬಾಗಿಲುಗಳು ಸುಮ್ಸುಮ್ನೆ ತೆರೆದುಕೊಳ್ಳುವುದು ಕಡಿಮೆಯಾಗುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿದ್ದಾರೆ.

ಉಳಿದ ಕೆಲಸಗಳನ್ನು ಚುಟುಕಾಗಿ ಹೇಳಬಹುದು. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಇರುತ್ತದೆ. ಯಕೃತ್ತು ಅದನ್ನು ರಕ್ತಕ್ಕೆ ಬಿಡುವುದನ್ನು ಒಮೆಗಾ-3 ತಗ್ಗಿಸುತ್ತದೆ. ಇದು ಸ್ಪಷ್ಟವಾಗಿ ಗೊತ್ತಾಗಿರುವ ಪರಿಣಾಮ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಎಂಬ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವ ಸ್ವಭಾವ ತುಸು ಕಡಿಮೆಯಾಗುತ್ತದೆ. ಬಿಪಿ ಅಲ್ಪಸ್ವಲ್ಪ ಇಳಿಯುತ್ತದೆ. ಉರಿಯೂತ ಶಮನವಾಗುವುದಕ್ಕೆ ಬೇಕಾದ ಕೆಲವು ರಾಸಾಯನಿಕಗಳನ್ನು ದೇಹ ಇದರಿಂದಲೇ ಮಾಡಿಕೊಳ್ಳುತ್ತದೆ.

ಈ ನಂಬಿಕೆ ಶುರುವಾಗಿದ್ದು ಎಲ್ಲಿಂದ?

1970ರ ಸುಮಾರಿಗೆ ಡೆನ್ಮಾರ್ಕ್‌ನ ಹಾನ್ಸ್ ಓಲಾಫ್ ಬಾಂಗ್ ಮತ್ತು ಯೋರ್ನ್ ಡೂಯರ್‌ಬರ್ಗ್ ಎಂಬ ವೈದ್ಯ ವಿಜ್ಞಾನಿಗಳು ಗ್ರೀನ್‌ಲ್ಯಾಂಡಿಗೆ ಹೋದರು. ಅಲ್ಲಿನ ಇನ್ಯೂಟ್ ಜನ ಸೀಲ್, ತಿಮಿಂಗಿಲ, ಮೀನು ತಿಂದು ಬದುಕುವವರು. ಊಟದಲ್ಲಿ ಕೊಬ್ಬು ವಿಪರೀತ. ಆದರೂ ಅವರ ರಕ್ತದಲ್ಲಿ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಕಡಿಮೆ ಇತ್ತು. 1971ರಲ್ಲಿ ಇದು ಪ್ರಕಟವಾಯಿತು. ಅವರಿಗೆ ಹೃದಯಾಘಾತ ಅಪರೂಪ, ಅದಕ್ಕೆ ಮೀನಿನ ಕೊಬ್ಬೇ ಕಾರಣ ಎಂಬ ಮಾತು ಅಲ್ಲಿಂದ ಬೆಳೆಯಿತು.

ಆದರೆ ಆ ತಂಡ ಅಳೆದದ್ದು ರಕ್ತವನ್ನು. ಎಷ್ಟು ಜನರಿಗೆ ಹೃದ್ರೋಗ ಇದೆ ಎಂದು ತಾವೇ ಪರೀಕ್ಷೆ ಮಾಡಿ ಎಣಿಸಿರಲಿಲ್ಲ. ಹಳೆಯ ದಾಖಲೆಗಳನ್ನೆಲ್ಲ 2014ರಲ್ಲಿ ಮತ್ತೆ ಪರಿಶೀಲಿಸಿದ ಸಂಶೋಧಕರು, ಇನ್ಯೂಟರಲ್ಲಿ ಹೃದ್ರೋಗ ಬೇರೆಯವರಷ್ಟೇ ಇತ್ತು ಎಂದು ಬರೆದರು. ಮರುವರ್ಷ ಇನ್ನೊಂದು ಸಂಗತಿ ಹೊರಬಂತು. ಇಂಥ ಕೊಬ್ಬನ್ನು ಅರಗಿಸಿಕೊಳ್ಳಲು ನೆರವಾಗುವ ವಂಶವಾಹಿ ಬದಲಾವಣೆಗಳು ಇನ್ಯೂಟರಲ್ಲಿ ಸಾವಿರಾರು ವರ್ಷಗಳಿಂದ ಬೆಳೆದುಬಂದಿವೆ. ಅವರಿಗೆ ಒಗ್ಗಿದ್ದು ಎಲ್ಲರಿಗೂ ಹಾಗೇ ಒಗ್ಗುತ್ತದೆ ಎನ್ನುವಂತಿಲ್ಲ, ಅಲ್ವಾ?

ಹಾಗಂತ ಮೀನಿನ ಮಾತು ಅಲ್ಲಿಗೇ ಮುಗಿಯಲಿಲ್ಲ. 1989ರಲ್ಲಿ ಬ್ರಿಟನ್ನಿನ ವೇಲ್ಸ್‌ನಿಂದ ಒಂದು ಪ್ರಯೋಗದ ಫಲಿತಾಂಶ ಬಂತು. ಹೃದಯಾಘಾತದಿಂದ ಚೇತರಿಸಿಕೊಂಡ 2,033 ಗಂಡಸರು ಅದರಲ್ಲಿದ್ದರು. ಕೆಲವರಿಗೆ ವಾರಕ್ಕೆ ಎರಡು ಸಲವಾದರೂ ಕೊಬ್ಬಿನ ಮೀನು ತಿನ್ನಲು ಹೇಳಿದರು, ಉಳಿದವರಿಗೆ ಹೇಳಲಿಲ್ಲ. ಎರಡು ವರ್ಷದಲ್ಲಿ ಮೀನಿನ ಸಲಹೆ ಪಡೆದವರಲ್ಲಿ ಸಾವು ಶೇ. 29ರಷ್ಟು ಕಡಿಮೆ ಇತ್ತು. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಇನ್ನೊಂದು ಅಂಶ. ಮತ್ತೆ ಹೃದಯಾಘಾತ ಆಗುವುದು ಕಡಿಮೆಯಾಗಲಿಲ್ಲ, ಸಾಯುವುದು ಕಡಿಮೆಯಾಯಿತು. ಮೀನು ರಕ್ತನಾಳ ಕಟ್ಟಿಕೊಳ್ಳುವುದನ್ನು ತಡೆಯುವುದಕ್ಕಿಂತ ಬಡಿತದ ಸರದಿ ತಪ್ಪುವುದನ್ನು ತಡೆಯುತ್ತದೆ ಎಂಬ ಊಹೆಗೆ ಇದು ಹೊಂದುತ್ತದೆ.

ಅದೇ ಸಂಶೋಧಕರು ಎರಡನೆಯ ಪ್ರಯೋಗ ಮಾಡಿದರು. ಈ ಸಲ ಆಂಜೈನಾ, ಅಂದರೆ ಹೃದಯಕ್ಕೆ ರಕ್ತ ಸಾಲದೆ ಎದೆನೋವು ಬರುವ 3,114 ಗಂಡಸರು. 2003ರಲ್ಲಿ ಫಲಿತಾಂಶ ಬಂದಾಗ ಎಲ್ಲರಿಗೂ ಅಚ್ಚರಿ. ಲಾಭ ಕಾಣಲಿಲ್ಲ. ಬದಲಿಗೆ ಹಠಾತ್ ಸಾವು ಜಾಸ್ತಿ ಇತ್ತು, ಅದರಲ್ಲೂ ಮೀನೆಣ್ಣೆ ಕ್ಯಾಪ್ಸೂಲ್ ತೆಗೆದುಕೊಂಡವರಲ್ಲಿ. ಯಾಕೆ ಹೀಗಾಯಿತು ಎನ್ನುವುದು ಇಂದಿಗೂ ಪೂರ್ತಿ ಬಿಡಿಸಿಲ್ಲದ ಒಗಟು.

ಶೇಕಡಾ ಲೆಕ್ಕವನ್ನು ಓದುವ ಬಗೆ

2006ರಲ್ಲಿ ಹಾರ್ವರ್ಡ್‌ನ ಇಬ್ಬರು ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದರು. ವಾರಕ್ಕೆ ಒಂದೆರಡು ಸಲ ಮೀನು, ಅದರಲ್ಲೂ ಒಮೆಗಾ-3 ಜಾಸ್ತಿ ಇರುವ ಮೀನು ತಿನ್ನುವವರಲ್ಲಿ ಹೃದ್ರೋಗದ ಸಾವು ಶೇ. 36ರಷ್ಟು ಕಡಿಮೆ ಎಂದರು. ದಿನಕ್ಕೆ ಸರಾಸರಿ 250 ಮಿಲಿಗ್ರಾಂ ಇಪಿಎ ಮತ್ತು ಡಿಎಚ್‌ಎ ಸಿಗುವವರೆಗೆ ಲಾಭ ಏರುತ್ತದೆ, ಆಮೇಲೆ ಹೆಚ್ಚು ತಿಂದರೂ ಅಷ್ಟಾಗಿ ಏರುವುದಿಲ್ಲ ಎಂದೂ ಕಂಡುಕೊಂಡರು.

ಶೇ. 36 ಎಂದರೆ ದೊಡ್ಡ ಸಂಖ್ಯೆ. ಆದರೆ ಅದು ಯಾವುದರ ಶೇ. 36 ಎಂದು ನೋಡಬೇಕು. ಹೀಗೆ ಅಂದುಕೊಳ್ಳಿ. ಒಂದು ಗುಂಪಿನ 1,000 ಜನರಲ್ಲಿ ಹತ್ತು ವರ್ಷಕ್ಕೆ 100 ಮಂದಿ ಹೃದ್ರೋಗದಿಂದ ಸಾಯುವ ಸಂಭವ ಇದೆ. ಶೇ. 36 ತಗ್ಗಿದರೆ 36 ಜೀವ ಉಳಿಯುತ್ತದೆ. ಇನ್ನೊಂದು ಆರೋಗ್ಯವಂತ ಗುಂಪಿನಲ್ಲಿ ಆ ಸಂಭವ ಇರುವುದು 5 ಮಂದಿಗೆ. ಅಲ್ಲಿ ಉಳಿಯುವುದು ಇಬ್ಬರು. ಶೇಕಡಾವಾರು ಒಂದೇ, ಆದರೆ ಸಿಗುವ ಲಾಭ ಒಂದೇ ಅಲ್ಲ.

ಎರಡನೆಯ ಎಚ್ಚರಿಕೆ ಇನ್ನೂ ಮುಖ್ಯ. ಇಂಥ ಅಧ್ಯಯನಗಳಲ್ಲಿ ಬಹುಪಾಲು ಜನ ತಮ್ಮ ಪಾಡಿಗೆ ಏನು ತಿನ್ನುತ್ತಾರೆ ಎಂದು ಕೇಳಿ ಬರೆದುಕೊಂಡು, ವರ್ಷಗಟ್ಟಲೆ ಗಮನಿಸುವಂಥವು. ಮೀನು ತಿನ್ನುವವರು ಕೆಲವು ಕಡೆ ಸಿಗರೇಟು ಕಡಿಮೆ ಸೇದುವವರೂ ಹೆಚ್ಚು ನಡೆಯುವವರೂ ಆಗಿರುತ್ತಾರೆ. ಅವರ ಹೃದಯ ಚೆನ್ನಾಗಿದ್ದರೆ ಅದರಲ್ಲಿ ಮೀನಿನ ಪಾಲೆಷ್ಟು, ನಡಿಗೆಯ ಪಾಲೆಷ್ಟು? ಲೆಕ್ಕ ಹಾಕಿ ಬೇರೆ ಮಾಡಲು ನೋಡುತ್ತಾರೆ, ಆದರೆ ಪೂರ್ತಿ ಬೇರೆಯಾಗುವುದಿಲ್ಲ.

2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಈ ಚಿತ್ರವನ್ನು ಇನ್ನಷ್ಟು ತಿಳಿಯಾಗಿಸಿತು. ಅದರಲ್ಲಿ 58 ದೇಶಗಳ 1,91,558 ಜನರಿದ್ದರು. ಈಗಾಗಲೇ ಹೃದಯ ಅಥವಾ ರಕ್ತನಾಳದ ಕಾಯಿಲೆ ಇದ್ದವರು ವಾರಕ್ಕೆ 175 ಗ್ರಾಂ, ಅಂದರೆ ಸುಮಾರು ಎರಡು ಹೊತ್ತಿನ ಮೀನು ತಿಂದಾಗ ಅವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಸಾವು ಕಡಿಮೆ ಕಂಡಿತು. ಅಂಥ ಕಾಯಿಲೆ ಇಲ್ಲದವರಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ. ಹಾನಿಯೂ ಕಾಣಲಿಲ್ಲ. ಲಾಭ ಕಂಡಿದ್ದು ಕೂಡ ಒಮೆಗಾ-3 ಜಾಸ್ತಿ ಇರುವ ಮೀನಿನಿಂದ.

ಪಾದರಸ ಮೀನಿಗೆ ಎಲ್ಲಿಂದ ಬರುತ್ತದೆ?

ಪಾದರಸ ಭೂಮಿಯಲ್ಲಿ ಮೊದಲಿಂದಲೂ ಇದೆ. ಜ್ವಾಲಾಮುಖಿಯಿಂದ ಹೊರಬರುತ್ತದೆ. ಕಲ್ಲಿದ್ದಲು ಸುಟ್ಟಾಗ, ಸಣ್ಣ ಮಟ್ಟದ ಚಿನ್ನದ ಗಣಿಗಾರಿಕೆಯಲ್ಲಿ ಅದಿರಿನಿಂದ ಚಿನ್ನ ಬಿಡಿಸುವಾಗ ಗಾಳಿಗೆ ಸೇರುತ್ತದೆ. ಮಳೆಯ ಜೊತೆ ನೀರಿಗೆ ಬೀಳುತ್ತದೆ. ಕೆಸರಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಮೀಥೈಲ್ ಮರ್ಕ್ಯುರಿ ಎಂಬ ರೂಪಕ್ಕೆ ತಿರುಗಿಸುತ್ತವೆ. ಅಪಾಯ ಇರುವುದು ಈ ರೂಪದಲ್ಲಿ. ಊಟದ ಜೊತೆ ಹೊಟ್ಟೆಗೆ ಹೋದರೆ ಹತ್ತಿರಹತ್ತಿರ ಪೂರ್ತಿ ರಕ್ತಕ್ಕೆ ಸೇರುತ್ತದೆ.

ಈಗ ಆ ಏಣಿಗೆ ಬರೋಣ. ಪಾಚಿಯಲ್ಲಿ ಒಂದು ಚೂರು ಪಾದರಸ ಇದೆ. ಹುಳು ಸಾವಿರ ಪಾಚಿ ತಿನ್ನುತ್ತದೆ. ಚಿಕ್ಕ ಮೀನು ಸಾವಿರ ಹುಳು ತಿನ್ನುತ್ತದೆ. ಒಮೆಗಾ-3 ಆದರೆ ಪ್ರತಿ ಮೆಟ್ಟಿಲಲ್ಲೂ ಒಂದಷ್ಟು ಉರಿದು ಖರ್ಚಾಗುತ್ತದೆ. ಮೀಥೈಲ್ ಮರ್ಕ್ಯುರಿ ಹಾಗೆ ಖರ್ಚಾಗುವುದಿಲ್ಲ. ಅದು ಮಾಂಸದ ಪ್ರೋಟೀನಿಗೆ ಅಂಟಿಕೊಂಡು ಕೂರುತ್ತದೆ, ಬಹಳ ನಿಧಾನವಾಗಿ ಹೊರಗೆ ಹೋಗುತ್ತದೆ. ಹೀಗಾಗಿ ಮೆಟ್ಟಿಲು ಏರಿದಂತೆ ಅದರ ಪ್ರಮಾಣವೂ ಏರುತ್ತದೆ. ಬೇಟೆಯಾಡಿ ಬದುಕುವ ದೊಡ್ಡ ಮೀನಿನ ಮಾಂಸದಲ್ಲಿ ಸುತ್ತಲಿನ ನೀರಿಗಿಂತ ಲಕ್ಷಾಂತರ ಪಟ್ಟು ಹೆಚ್ಚು ಪಾದರಸ ಇರಬಹುದು. ಮೀನಿನ ವಯಸ್ಸು ಹೆಚ್ಚಾದಷ್ಟೂ ಸಂಗ್ರಹ ಹೆಚ್ಚು.

ಪ್ರೋಟೀನಿಗೆ ಅಂಟಿರುವುದರಿಂದ ತೊಳೆದರೆ, ಚರ್ಮ ಸುಲಿದರೆ, ಬೇಯಿಸಿದರೆ ಅದು ಹೋಗುವುದಿಲ್ಲ. ಹುಳಿ ಹಾಕಿ ನೆನೆಸಿಟ್ಟರೆ ವಿಷ ಇಳಿಯುತ್ತದೆ ಎಂಬ ಮಾತನ್ನು ನಂಬಿ ಕೂರಬೇಡಿ.

ಈ ವಿಷ ಏನು ಮಾಡಬಲ್ಲದು ಎನ್ನುವುದನ್ನು ಜಗತ್ತು ನೋಡಿದ್ದು ಜಪಾನಿನ ಮಿನಮಾಟದಲ್ಲಿ. ಒಂದು ರಾಸಾಯನಿಕ ಕಾರ್ಖಾನೆ ದಶಕಗಳ ಕಾಲ ಪಾದರಸ ಬೆರೆತ ಕೊಳೆನೀರನ್ನು ಕೊಲ್ಲಿಗೆ ಬಿಡುತ್ತಿತ್ತು. ಅಲ್ಲಿನ ಮೀನು, ಚಿಪ್ಪು ತಿಂದ ಜನರ ಕೈಕಾಲು ನಡುಗತೊಡಗಿತು, ಕಣ್ಣು ಮಂಜಾಯಿತು, ಮಾತು ತೊದಲಿತು. ಹುಟ್ಟುವ ಮಕ್ಕಳ ಮಿದುಳಿಗೆ ಪೆಟ್ಟಾಯಿತು. ಕಾಯಿಲೆ ಅಧಿಕೃತವಾಗಿ ಗುರುತಾದದ್ದು 1956ರಲ್ಲಿ. ಕಾರ್ಖಾನೆ ಆ ಕೊಳೆನೀರು ಬಿಡುವುದನ್ನು ನಿಲ್ಲಿಸಿದ್ದು 1968ರಲ್ಲಿ. ಆ ಹನ್ನೆರಡು ವರ್ಷಗಳನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಪಾದರಸ ನಿಯಂತ್ರಣಕ್ಕೆಂದು 2013ರಲ್ಲಿ ದೇಶಗಳು ಸಹಿ ಹಾಕಿದ ಒಪ್ಪಂದಕ್ಕೆ ಮಿನಮಾಟ ಒಪ್ಪಂದ ಎಂದೇ ಹೆಸರಿಟ್ಟಿದ್ದಾರೆ.

ಮಿನಮಾಟದ ಮೀನಿನಲ್ಲಿದ್ದ ಪ್ರಮಾಣ ಮಾಮೂಲಿ ಮೀನಿನಲ್ಲಿ ಇರುವುದಿಲ್ಲ. ಆ ಘಟನೆಯ ಚಿತ್ರ ತೋರಿಸಿ ಎಲ್ಲಾ ಮೀನಿಗೂ ಹೆದರಿಸುವುದು ಸರಿಯಲ್ಲ.

ಪಾದರಸ ಹೃದಯಕ್ಕೂ ಕೆಡುಕು ಮಾಡುತ್ತದಾ?

ಮಿದುಳಿಗೆ ಮಾಡುತ್ತದೆ ಎನ್ನುವುದರಲ್ಲಿ ಅನುಮಾನ ಇಲ್ಲ. ಹೃದಯದ ವಿಷಯದಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. 1995ರಲ್ಲಿ ಫಿನ್ಲೆಂಡ್‌ನ ಒಂದು ಅಧ್ಯಯನ ಪ್ರಕಟವಾಯಿತು. 1,833 ಗಂಡಸರ ಕೂದಲಿನಲ್ಲಿ ಪಾದರಸ ಅಳೆದಿದ್ದರು. ಅದು ಜಾಸ್ತಿ ಇದ್ದವರಲ್ಲಿ ಹೃದಯಾಘಾತದ ಸಂಭವ ಸುಮಾರು ಎರಡು ಪಟ್ಟು ಕಂಡಿತು. ಅಲ್ಲಿಯವರು ಹೆಚ್ಚಾಗಿ ತಿನ್ನುತ್ತಿದ್ದುದು ಕೆರೆ-ಸರೋವರಗಳ ಮೀನು, ಕೊಬ್ಬು ಕಡಿಮೆ ಇರುವಂಥದ್ದು. ಪಾದರಸ ಬಂತು, ಆದರೆ ಅದನ್ನು ಸರಿದೂಗಿಸುವಷ್ಟು ಒಮೆಗಾ-3 ಬರಲಿಲ್ಲ ಎಂದು ಅರ್ಥ ಮಾಡಿಕೊಳ್ಳಬಹುದು.

2002ರಲ್ಲಿ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಅಧ್ಯಯನಗಳು ಬಂದವು. ಎರಡರಲ್ಲೂ ಅಳೆದದ್ದು ಕಾಲುಗುರಿನ ಪಾದರಸವನ್ನೇ. ಒಂದು, ಸಂಬಂಧ ಇದೆ ಎಂದಿತು. ಇನ್ನೊಂದು, ಕಾಣುತ್ತಿಲ್ಲ ಎಂದಿತು. 2011ರಲ್ಲಿ ಅಮೆರಿಕದ ಎರಡು ದೊಡ್ಡ ಗುಂಪುಗಳನ್ನು ಪರೀಕ್ಷಿಸಿದಾಗ, ಅಲ್ಲಿನ ಜನ ಸಾಮಾನ್ಯವಾಗಿ ತಿನ್ನುವ ಮಟ್ಟದ ಪಾದರಸದಿಂದ ಹೃದ್ರೋಗ ಹೆಚ್ಚಾದದ್ದು ಕಾಣಲಿಲ್ಲ. ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗನಿಸುವುದು ಇಷ್ಟು. ಪಾದರಸ ಮೀನಿನ ಲಾಭದಲ್ಲಿ ಒಂದು ಪಾಲನ್ನು ಕಚ್ಚಿಕೊಂಡು ಹೋಗಬಹುದು. ಸಣ್ಣ ಕೊಬ್ಬಿನ ಮೀನಿನಲ್ಲಿ ಆ ಪಾಲು ತೀರಾ ಚಿಕ್ಕದು. ದೊಡ್ಡ ಬೇಟೆಗಾರ ಮೀನಿನಲ್ಲಿ ದೊಡ್ಡದು.

ಎಷ್ಟು ತಿಂದರೆ ಎಷ್ಟು ಪಾದರಸ?

ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಜಂಟಿ ತಜ್ಞರ ಸಮಿತಿ 2003ರಲ್ಲಿ ಒಂದು ಮಿತಿ ಹಾಕಿತು. ದೇಹದ ಪ್ರತಿ ಕಿಲೋ ತೂಕಕ್ಕೆ ವಾರಕ್ಕೆ 1.6 ಮೈಕ್ರೋಗ್ರಾಂ ಮೀಥೈಲ್ ಮರ್ಕ್ಯುರಿ. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಭಾಗ. 60 ಕಿಲೋ ತೂಕದವರಿಗೆ ಇದು ವಾರಕ್ಕೆ 96 ಮೈಕ್ರೋಗ್ರಾಂ ಆಗುತ್ತದೆ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಮೀನುಗಳನ್ನು ಪರೀಕ್ಷಿಸಿ ಸರಾಸರಿ ಅಂಕಿ ಕೊಟ್ಟಿದೆ. ಒಂದು ಗ್ರಾಂ ಕತ್ತಿಮೀನಿನಲ್ಲಿ ಸುಮಾರು 1 ಮೈಕ್ರೋಗ್ರಾಂ ಪಾದರಸ. ಅಂದರೆ 100 ಗ್ರಾಂ ತಿಂದರೆ ವಾರದ ಪಾಲು ಅಲ್ಲಿಗೇ ಮುಗಿಯಿತು. ಶಾರ್ಕ್ ಕೂಡ ಹೆಚ್ಚುಕಡಿಮೆ ಅಷ್ಟೇ. ಡಬ್ಬಿಯಲ್ಲಿ ಬರುವ ಆಲ್ಬಕೋರ್ ಟೂನಾದಲ್ಲಿ ಗ್ರಾಂಗೆ 0.35. ಅದನ್ನು ಸುಮಾರು 270 ಗ್ರಾಂ ತಿಂದರೆ ಮಿತಿ ಮುಟ್ಟುತ್ತದೆ. ಬೂತಾಯಿ ಜಾತಿಯ ಸಾರ್ಡೀನ್‌ನಲ್ಲಿ ಗ್ರಾಂಗೆ ಬರೀ 0.013. ಅದನ್ನು ತಿಂದು ಮಿತಿ ಮುಟ್ಟಬೇಕಾದರೆ ವಾರಕ್ಕೆ 7 ಕಿಲೋ ತಿನ್ನಬೇಕು! ಸಾಲ್ಮನ್‌ನದೂ ಇಂಥದ್ದೇ ಸಣ್ಣ ಅಂಕಿ, 0.022.

ಒಮೆಗಾ-3 ಚೆನ್ನಾಗಿರುವ ಸಣ್ಣ ಮೀನಿನಲ್ಲೇ ಪಾದರಸ ಕಡಿಮೆ ಇರುವುದು ನಮ್ಮ ಅದೃಷ್ಟ. ಅವು ಏಣಿಯ ಕೆಳಗಿನ ಮೆಟ್ಟಿಲಿನವು, ಬದುಕುವುದೂ ಕಡಿಮೆ ಕಾಲ. ಸಾಲ್ಮನ್ ಗಾತ್ರದಲ್ಲಿ ದೊಡ್ಡದಾದರೂ ಶಾರ್ಕ್‌ನಷ್ಟು ವರ್ಷ ಬದುಕುವುದಿಲ್ಲ.

ಈ ಮಿತಿಯನ್ನು ಗರ್ಭದಲ್ಲಿರುವ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಿದ್ದಾರೆ. ಹಾಗಾಗಿ ಒಂದು ವಾರ ಸ್ವಲ್ಪ ಮೀರಿತು ಅಂತ ವಯಸ್ಕರು ಗಾಬರಿ ಬೀಳಬೇಕಿಲ್ಲ. ದೇಹದಲ್ಲಿ ಸೇರಿದ ಮೀಥೈಲ್ ಮರ್ಕ್ಯುರಿ ಸುಮಾರು 50ರಿಂದ 70 ದಿನಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ತೊಂದರೆ ಆಗುವುದು ವಾರವಾರವೂ, ತಿಂಗಳುಗಟ್ಟಲೆ ಮಿತಿ ಮೀರಿದಾಗ.

ಪಿಸಿಬಿ, ಡಯಾಕ್ಸಿನ್ ಎಂಬ ಕೈಗಾರಿಕಾ ಕಲ್ಮಶಗಳೂ ಮೀನಿನಲ್ಲಿ ಇರುತ್ತವೆ. ಇವು ಕೂರುವುದು ಕೊಬ್ಬಿನಲ್ಲಿ. ಆದ್ದರಿಂದ ಇಲ್ಲಿ ಮಾತ್ರ ಚರ್ಮ ಮತ್ತು ಅದರ ಕೆಳಗಿನ ಕೊಬ್ಬು ತೆಗೆದರೆ ಒಂದಷ್ಟು ಕಡಿಮೆಯಾಗುತ್ತದೆ, ಅದರ ಜೊತೆ ಸ್ವಲ್ಪ ಒಮೆಗಾ-3 ಕೂಡ ಹೋಗುತ್ತದೆ. ಕೊಳಕು ನದಿ, ಕಾರ್ಖಾನೆ ಪಕ್ಕದ ಕೆರೆಯಲ್ಲಿ ಹಿಡಿದ ಮೀನಿನ ಬಗ್ಗೆ ಹೆಚ್ಚು ಎಚ್ಚರ ಬೇಕು.

ಬಾಣಲೆಗೆ ಹೋದ ಮೇಲೆ

ಮೀನು ಆರಿಸುವಾಗ ಎಷ್ಟು ಯೋಚಿಸುತ್ತೇವೋ ಅಡುಗೆ ಮಾಡುವಾಗ ಅಷ್ಟು ಯೋಚಿಸುವುದಿಲ್ಲ. 2003ರಲ್ಲಿ ಅಮೆರಿಕದ 65 ದಾಟಿದವರ ಅಧ್ಯಯನವೊಂದು ಪ್ರಕಟವಾಯಿತು. ಟೂನಾ ಅಥವಾ ಬೇಯಿಸಿದ, ಸುಟ್ಟ ಮೀನು ತಿನ್ನುವವರಲ್ಲಿ ಹೃದ್ರೋಗದ ಸಾವು ಕಡಿಮೆ ಇತ್ತು. ಎಣ್ಣೆಯಲ್ಲಿ ಕರಿದ ಮೀನು ತಿನ್ನುವವರಲ್ಲಿ ಆ ಲಾಭ ಕಾಣಲಿಲ್ಲ. 2011ರಲ್ಲಿ ಮುಟ್ಟು ನಿಂತ ಮಹಿಳೆಯರ ಮೇಲಿನ ಇನ್ನೊಂದು ಅಧ್ಯಯನದಲ್ಲಿ, ವಾರಕ್ಕೊಮ್ಮೆಯಾದರೂ ಕರಿದ ಮೀನು ತಿನ್ನುವವರಲ್ಲಿ ಹೃದಯ ವೈಫಲ್ಯ ಹೆಚ್ಚಿತ್ತು.

ಕಾರಣ ಊಹಿಸುವುದು ಕಷ್ಟವಲ್ಲ. ಕರಿಯುವಾಗ ಮೀನಿನ ಕೊಬ್ಬು ಒಂದಷ್ಟು ಎಣ್ಣೆಗೆ ಹೋಗುತ್ತದೆ, ಎಣ್ಣೆ ಮೀನಿಗೆ ಬರುತ್ತದೆ. ಮೇಲೆ ಹಿಟ್ಟಿನ ಲೇಪ, ಉಪ್ಪು. ಅದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಇನ್ನೂ ಕೆಡುಕು. ಹಬೆಯಲ್ಲಿ ಬೇಯಿಸಿದ್ದು, ಸಾರಿನಲ್ಲಿ ಕುದಿಸಿದ್ದು, ಕೆಂಡದಲ್ಲಿ ಹದವಾಗಿ ಸುಟ್ಟದ್ದು, ಕಾವಲಿಯಲ್ಲಿ ಸ್ವಲ್ಪವೇ ಎಣ್ಣೆ ಸವರಿ ಬೇಯಿಸಿದ್ದು ಇವೆಲ್ಲ ವಾಸಿ.

ಒಣಮೀನಿನ ವಿಷಯ ಬೇರೆ. ಒಣಗಿಸಿದರೆ ಒಮೆಗಾ-3 ಪೂರ್ತಿ ಹಾಳಾಗುವುದಿಲ್ಲ, ಆದರೆ ಉಪ್ಪು ಹಾಕಿ ಒಣಗಿಸಿದ್ದರಲ್ಲಿ ಉಪ್ಪು ಬಹಳ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ. ಬಿಪಿ ಇರುವವರು ಒಣಮೀನನ್ನು ಹೃದಯಕ್ಕೆ ಒಳ್ಳೆಯದು ಎಂದುಕೊಂಡು ತಿನ್ನಬಾರದು.

ಸಿಗಡಿಯ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಅದರಲ್ಲಿ ಕೊಲೆಸ್ಟ್ರಾಲ್ ಹೆಚ್ಚಿರುವುದು ನಿಜ. ಆದರೆ ರಕ್ತದ ಕೆಟ್ಟ ಕೊಲೆಸ್ಟ್ರಾಲ್ ಅನ್ನು ಹೆಚ್ಚಾಗಿ ಏರಿಸುವುದು ಸ್ಯಾಚುರೇಟೆಡ್ ಕೊಬ್ಬು, ಅದು ಸಿಗಡಿಯಲ್ಲಿ ತೀರಾ ಕಡಿಮೆ. ಮಿತವಾಗಿ ತಿಂದರೆ ಹೆಚ್ಚಿನವರಿಗೆ ತೊಂದರೆ ಇಲ್ಲ.

ಇನ್ನೊಂದು ಪ್ರಶ್ನೆ ಯಾರೂ ಕೇಳಿಕೊಳ್ಳುವುದಿಲ್ಲ. ಮೀನು ಬಂದ ದಿನ ತಟ್ಟೆಯಿಂದ ಹೋಗಿದ್ದು ಏನು? ಕೆಂಪು ಮಾಂಸ, ಸಾಸೇಜ್‌ನಂಥ ಸಂಸ್ಕರಿಸಿದ ಮಾಂಸದ ಬದಲು ಮೀನು ಬಂದರೆ ಸ್ಯಾಚುರೇಟೆಡ್ ಕೊಬ್ಬು, ಉಪ್ಪು ಎರಡೂ ಇಳಿಯುತ್ತವೆ. ಆ ಲಾಭ ಒಮೆಗಾ-3ರ ಲಾಭದ ಮೇಲೆ ಸೇರುತ್ತದೆ. ಬೇಳೆಕಾಳು, ತರಕಾರಿಯ ಬದಲು ಮೀನು ಬಂದರೆ ಅಷ್ಟು ಲಾಭ ಆಗುವುದಿಲ್ಲ.

ಮಾತ್ರೆ ನುಂಗಿದರೆ ಸಾಲದಾ?

ಪಾದರಸದ ಗೊಡವೆಯೇ ಬೇಡ, ಮೀನೆಣ್ಣೆ ಕ್ಯಾಪ್ಸೂಲ್ ನುಂಗೋಣ ಎಂದು ಎಷ್ಟೋ ಜನ ಯೋಚಿಸುತ್ತಾರೆ. ಇದನ್ನು ದೊಡ್ಡ ಪ್ರಯೋಗಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ವೈಟಲ್ ಎಂಬ ಪ್ರಯೋಗದಲ್ಲಿ 25,871 ಜನ, ಅಸೆಂಡ್ ಎಂಬುದರಲ್ಲಿ ಮಧುಮೇಹ ಇರುವ 15,480 ಜನ. ಎರಡರ ಫಲಿತಾಂಶವೂ 2018ರಲ್ಲಿ ಬಂತು. ದಿನವೂ ಒಂದು ಗ್ರಾಂ ಮೀನೆಣ್ಣೆ ಕ್ಯಾಪ್ಸೂಲ್ ತೆಗೆದುಕೊಂಡವರಲ್ಲಿ ಒಟ್ಟಾರೆ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಎಲ್ಲವನ್ನೂ ಕೂಡಿಸಿ ನೋಡಿದರೆ ಗಣನೀಯ ಇಳಿಕೆ ಕಾಣಲಿಲ್ಲ.

ಹೆಚ್ಚು ಪ್ರಮಾಣ ಕೊಟ್ಟರೆ? ಅದನ್ನೂ ನೋಡಿದರು. ಟ್ರೈಗ್ಲಿಸರೈಡ್ ಹೆಚ್ಚಿದ್ದ 8,179 ಜನರಿಗೆ ದಿನಕ್ಕೆ 4 ಗ್ರಾಂ ಶುದ್ಧೀಕರಿಸಿದ ಇಪಿಎ ಔಷಧ ಕೊಟ್ಟಾಗ ಹೃದಯದ ಅನಾಹುತಗಳು ಶೇ. 25ರಷ್ಟು ಕಡಿಮೆಯಾದವು. ಆದರೆ ಹೋಲಿಕೆಗೆಂದು ಇನ್ನೊಂದು ಗುಂಪಿಗೆ ಕೊಟ್ಟಿದ್ದ ಖನಿಜ ತೈಲವೇ ಅವರಿಗೆ ಸ್ವಲ್ಪ ಕೆಡುಕು ಮಾಡಿರಬಹುದು, ಅದರಿಂದ ವ್ಯತ್ಯಾಸ ದೊಡ್ಡದಾಗಿ ಕಂಡಿತು ಎಂಬ ತಕರಾರು ಇದೆ. ಇಪಿಎ, ಡಿಎಚ್‌ಎ ಎರಡೂ ಇರುವ 4 ಗ್ರಾಂ ಔಷಧವನ್ನು 13,078 ಜನರಲ್ಲಿ ಪರೀಕ್ಷಿಸಿದಾಗ ಲಾಭ ಕಾಣದೆ ಪ್ರಯೋಗವನ್ನು 2020ರಲ್ಲಿ ನಡುವೆಯೇ ನಿಲ್ಲಿಸಿದರು.

ಹೆಚ್ಚು ಪ್ರಮಾಣಕ್ಕೆ ಒಂದು ಬೆಲೆಯೂ ಇದೆ. ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಬಡಿಯುವ ಏಟ್ರಿಯಲ್ ಫಿಬ್ರಿಲೇಷನ್ ಎಂಬ ತೊಂದರೆ ಇಂಥ ಪ್ರಯೋಗಗಳಲ್ಲಿ ಜಾಸ್ತಿ ಕಂಡಿದೆ. ಪ್ರಮಾಣ ಏರಿದಂತೆ ಸಂಭವವೂ ಏರುತ್ತದೆ. ಹಾಗಾಗಿ ವೈದ್ಯರು ಬರೆದುಕೊಡದೆ ಹೆಚ್ಚು ಪ್ರಮಾಣದ ಮೀನೆಣ್ಣೆ ಶುರು ಮಾಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರಂತೂ ಕೇಳದೆ ಮುಟ್ಟಬೇಡಿ.

ಮೀನಿನಿಂದ ಸಿಕ್ಕಷ್ಟು ಲಾಭ ಮಾತ್ರೆಯಿಂದ ಯಾಕೆ ಸಿಗುವುದಿಲ್ಲ? ಮೀನಿನಲ್ಲಿ ಒಮೆಗಾ-3 ಜೊತೆಗೆ ಪ್ರೋಟೀನ್, ಸೆಲೆನಿಯಂ, ವಿಟಮಿನ್ ಡಿ ಕೂಡ ಇವೆ. ಮೀನು ತಟ್ಟೆಯಲ್ಲಿ ಬೇರೆ ಯಾವುದೋ ಆಹಾರದ ಜಾಗ ಹಿಡಿಯುತ್ತದೆ, ಮಾತ್ರೆ ಯಾವುದರ ಜಾಗವನ್ನೂ ಹಿಡಿಯುವುದಿಲ್ಲ. ಈಗಿನ ಕಾಲದಲ್ಲಿ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ಬಿಪಿ ಮಾತ್ರೆಗಳು ಮೊದಲೇ ಅಪಾಯ ತಗ್ಗಿಸಿರುವುದರಿಂದ ಮೀನೆಣ್ಣೆಗೆ ಮಾಡಲು ಉಳಿದ ಕೆಲಸವೂ ಕಡಿಮೆ.

ಯಾರಿಗೆ ಎಷ್ಟು?

ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ವಾರಕ್ಕೆ ಎರಡು ಸಲ ಮೀನು, ಅದರಲ್ಲೂ ಕೊಬ್ಬಿನ ಮೀನು ತಿನ್ನಿ ಎನ್ನುತ್ತದೆ. ಒಂದು ಸಲಕ್ಕೆ ಬೇಯಿಸಿದ ಮೀನು ಸುಮಾರು 85 ಗ್ರಾಂ, ಬೆರಳು ಬಿಟ್ಟು ಅಂಗೈಯಷ್ಟು. ಹೃದ್ರೋಗ ಇರುವವರಿಗೆ, ಮಧ್ಯವಯಸ್ಸು ದಾಟಿದವರಿಗೆ ತಕ್ಕಡಿ ಲಾಭದ ಕಡೆಗೇ ವಾಲುತ್ತದೆ. ಪಾದರಸಕ್ಕೆ ಹೆದರಿ ಇವರು ಮೀನನ್ನೇ ಬಿಟ್ಟರೆ ಕಳೆದುಕೊಳ್ಳುವುದೇ ಹೆಚ್ಚು.

ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಗರ್ಭ ಧರಿಸುವ ಯೋಚನೆಯಲ್ಲಿರುವವರು, ಪುಟ್ಟ ಮಕ್ಕಳು ಶಾರ್ಕ್, ಕತ್ತಿಮೀನು, ಮಾರ್ಲಿನ್, ಕಿಂಗ್ ಮ್ಯಾಕೆರೆಲ್, ಬಿಗ್‌ಐ ಟೂನಾ ತಿನ್ನಲೇಬಾರದು. ಹಾಗಂತ ಇವರು ಮೀನನ್ನೇ ಬಿಡಬೇಕು ಎಂದು ತಪ್ಪು ತಿಳಿಯಬಾರದು. ಡಿಎಚ್‌ಎ ಮಗುವಿನ ಮಿದುಳು ಬೆಳೆಯಲು ಬೇಕು. ಪಾದರಸ ಕಡಿಮೆ ಇರುವ ಮೀನನ್ನು ಗರ್ಭಿಣಿಯರು ವಾರಕ್ಕೆ ಸುಮಾರು 225ರಿಂದ 340 ಗ್ರಾಂ ತಿನ್ನಬಹುದು ಎಂದು ಅಮೆರಿಕದ ಸರ್ಕಾರಿ ಸಂಸ್ಥೆಗಳು ಹೇಳುತ್ತವೆ. ಹಸಿ ಮೀನು ಮಾತ್ರ ಬೇಡ.

ಮೀನು ತಿನ್ನದವರ ಕಥೆ ಏನು? ಅವರ ಹೃದಯಕ್ಕೆ ರಕ್ಷಣೆ ಇಲ್ಲ ಎಂದೇನೂ ಅಲ್ಲ. ಬ್ರಿಟನ್ನಿನಲ್ಲಿ ಸುಮಾರು 48,000 ಜನರನ್ನು 18 ವರ್ಷ ಗಮನಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮಾಂಸ ತಿನ್ನುವವರಿಗೆ ಹೋಲಿಸಿದರೆ ಮಾಂಸ ಬಿಟ್ಟು ಮೀನು ತಿನ್ನುವವರಲ್ಲಿ ಹೃದ್ರೋಗ ಶೇ. 13ರಷ್ಟು, ಸಸ್ಯಾಹಾರಿಗಳಲ್ಲಿ ಶೇ. 22ರಷ್ಟು ಕಡಿಮೆ ಇತ್ತು. ಆದರೆ ಸಸ್ಯಾಹಾರಿಗಳಲ್ಲಿ ಪಾರ್ಶ್ವವಾಯು ಶೇ. 20ರಷ್ಟು ಜಾಸ್ತಿ ಕಂಡಿತು.

ಅಗಸೆ ಬೀಜ, ಅಕ್ರೋಟು, ಚಿಯಾ ಬೀಜಗಳಲ್ಲಿ ಎಎಲ್‌ಎ ಎಂಬ ಇನ್ನೊಂದು ಬಗೆಯ ಒಮೆಗಾ-3 ಇದೆ. ದೇಹ ಅದನ್ನು ಇಪಿಎ ಆಗಿ ಬದಲಿಸುವುದು ಸ್ವಲ್ಪವೇ, ಡಿಎಚ್‌ಎ ಆಗಿ ಬದಲಿಸುವುದು ಇನ್ನೂ ಕಡಿಮೆ. ಆದರೂ ಈ ಬೀಜಗಳು ತಮ್ಮಷ್ಟಕ್ಕೆ ಹೃದಯಕ್ಕೆ ಒಳ್ಳೆಯವು. ಇಪಿಎ, ಡಿಎಚ್‌ಎ ನೇರವಾಗಿ ಬೇಕೆಂದು ವೈದ್ಯರು ಹೇಳಿದರೆ ಪಾಚಿಯಿಂದ ತೆಗೆದ ಎಣ್ಣೆ ಸಿಗುತ್ತದೆ. ಮೀನು ತನ್ನ ಒಮೆಗಾ-3 ಪಡೆಯುವುದು ಕೊನೆಗೂ ಆ ಪಾಚಿಯಿಂದಲೇ. ಏಣಿ ಹತ್ತದೆ ಕೆಳಗಿನ ಮೆಟ್ಟಿಲಿನಿಂದಲೇ ತೆಗೆದದ್ದರಿಂದ ದೊಡ್ಡ ಮೀನಿನಲ್ಲಿ ಆಗುವಂತೆ ಪಾದರಸ ಒಟ್ಟುಗೂಡುವ ಚಿಂತೆ ಅದರಲ್ಲಿ ಇಲ್ಲ.